ಹೊಳೆಯಾಚೆಯವರ ನಿಟ್ಟುಸಿರು

"ಕಟ್! ನಿಟ್ಟುಸಿರು ಎಲ್ಲಿ ಹೋಯ್ತಮ್ಮಾ?"

ನಿರ್ದೇಶಕರ ದನಿ ಎದುರುಗೋಡೆಗೆ ಬಡಿದು ವಾಪಸ್ಸು ಬಂತು. ಗೋಡೆಯೆಂದರೆ ಪ್ಲೈವುಡ್ಡು. ಎಪ್ಪತ್ತು ವರ್ಷದ ಹಿಂದಿನದಾಗಿ ಕಾಣಲೆಂದು ಬೆಳಿಗ್ಗೆಯಷ್ಟೇ ಅದಕ್ಕೆ ಟೀ ನೀರು ಬಳಿದಿದ್ದರು.

ಅತ್ತೆಯ ಪಾತ್ರದ ಹಿರಿಯ ನಟಿ ನಾಲಿಗೆ ಕಚ್ಚಿಕೊಂಡರು. "ಸಾರಿ ಸರ್, ಮರೆತೇಬಿಟ್ಟೆ." ಈ ಸಲ ಮೊದಲು ಎದೆಯಾಳದಿಂದ ಒಂದು ಉಸಿರು ಬಿಟ್ಟರು. ಆಮೇಲೆ ಮಾತು.

"ಆಹಾ! ಇದು ನೋಡಿ ಹೊಳೆಯಾಚೆ ಸೀಮೆ ಅಂದ್ರೆ!"

ಮೂಲೆಯ ಸ್ಟೂಲಿನಲ್ಲಿ ತೂಕಡಿಸುತ್ತಿದ್ದವಳು ಬೆಚ್ಚಿ ಎದ್ದೆ. ಹೊಳೆಯಾಚೆ ಸೀಮೆ ನನ್ನ ಅಜ್ಜಿಯದು. ಅಲ್ಲಿನ ಮಾತಿನ ಧಾಟಿಯನ್ನು ಈ ಧಾರಾವಾಹಿಯ ನಟರಿಗೆ ಕಲಿಸುವುದು ನನ್ನ ಕೆಲಸ. ಅದಕ್ಕೇ ಇಲ್ಲಿ ಎಲ್ಲರ ಬಾಯಲ್ಲೂ ನಾನು ‘ಮಾತಿನ ಮಿಸ್’. ಆದರೆ ಆ ಸೀಮೆಯವರು ಮಾತಿಗೆ ಮುಂಚೆ ಹೀಗೆ ನಿಟ್ಟುಸಿರುಬಿಡುವುದನ್ನು ಜನ್ಮದಲ್ಲಿ ಕೇಳಿರಲಿಲ್ಲ.

"ಅಮ್ಮಾ, ಇದನ್ನ ಯಾರು ಹೇಳಿಕೊಟ್ರು ನಿಮಗೆ?"

"ಚೆನ್ನಾಗಿದೆ! ನೀವೇ ಅಲ್ವಾ ಮಿಸ್?"

ಅವರು ಮೊಬೈಲ್ ತೆಗೆದು ನಾನು ಕಳಿಸಿದ್ದ ವಾಯ್ಸ್ ಮೆಸೇಜ್ ಹಾಕಿದರು. ಮೊದಲು ಒಂದು ದೀರ್ಘ ಉಸಿರು, ನಂತರ ನನ್ನ ದನಿ. ಇನ್ನೊಂದು ಹಾಕಿದರು. ಮತ್ತೆ ಉಸಿರು, ಮತ್ತೆ ದನಿ.

ಆ ಉಸಿರು ನನ್ನದೇ. ದಿನಕ್ಕೆ ಮೂವತ್ತು ಪುಟ, ವಾರಕ್ಕೆ ಆರು ದಿನ, ಐದು ತಿಂಗಳು. ಪ್ರತಿ ಸಾಲನ್ನೂ ಅಜ್ಜಿಯ ಧಾಟಿಯಲ್ಲಿ ನಾನು ಹೇಳಿ ಕಳಿಸಬೇಕು, ಮೇಕಪ್ ಮಾಡಿಸಿಕೊಳ್ಳುತ್ತಾ ನಟರು ಕೇಳಿ ಕಲಿಯಬೇಕು. ನನ್ನ ಸುಸ್ತನ್ನೂ ಸೇರಿಸಿ ಕಲಿತಿದ್ದರು ಪಾಪ, ಒಂದು ಚೂರೂ ಬಿಡದೆ. ಮಾತನ್ನಷ್ಟೇ ತಿದ್ದುತ್ತಿದ್ದ ನನ್ನ ಕಿವಿಗೆ ಅದು ಬಿದ್ದೇ ಇರಲಿಲ್ಲ.

ಯಾರ ಮುಖ ನೋಡುವುದೆಂದು ತೋಚದೆ ಕಿವಿರಾಯನನ್ನು ನೋಡಿದೆ.

ಕಿವಿರಾಯ ಎಂದರೆ ನಮ್ಮ ಸೌಂಡ್ ರೆಕಾರ್ಡಿಸ್ಟ್. ಹೆಸರಿಟ್ಟವಳು ನಾನೇ, ಮನಸ್ಸಿನಲ್ಲಿ. ಅಜ್ಜಿಯ ಕಥೆಯಲ್ಲೊಬ್ಬ ರಾಜಕುಮಾರ ಇರುವೆ ನಡೆದರೂ ಕೇಳಿಸಿಕೊಳ್ಳುತ್ತಿದ್ದ. ರಾಜಕುಮಾರಿ ಅಳುವುದು ಮಾತ್ರ ಅವನಿಗೆ ತಡವಾಗಿ ಕೇಳಿಸುತ್ತಿತ್ತು. ಇವನೂ ಹಾಗೆಯೇ ಇರಬೇಕೆಂದುಕೊಂಡಿದ್ದೆ. ಪ್ರತಿ ಸೆಟ್ಟಿನಲ್ಲೂ ಕೆಲಸ ಮುಗಿದ ಮೇಲೆ ಅವನು ಕೈಯೆತ್ತಿ, "ಎಲ್ಲಾ ನಿಂತಲ್ಲೇ ನಿಲ್ಲಿ, ಒಂದು ನಿಮಿಷ," ಎನ್ನುತ್ತಾನೆ. ಮಾತು ಮಾತಿನ ನಡುವೆ ತುಂಬಲು ಆ ಕೋಣೆಯ ಮೌನ ಬೇಕಂತೆ. ಲೈಟಿನವರು, ಮೇಕಪ್ಪಿನವರು, ಎಲ್ಲ ಬೊಂಬೆಗಳಂತೆ ನಿಲ್ಲುತ್ತಾರೆ. ಆ ಒಂದು ನಿಮಿಷ ನಾನು ಅವನ ರೆಪ್ಪೆಗಳನ್ನು ನೋಡುತ್ತೇನೆ. ಐವತ್ತನೆಯ ಸೆಕೆಂಡಿಗೆ ಅವು ಮೇಲೇಳುತ್ತವೆ, ನೇರ ನನ್ನ ಕಡೆಗೆ. ಐವತ್ತೈದಕ್ಕೆ ಮತ್ತೆ ಇಳಿಯುತ್ತವೆ. ಐದು ತಿಂಗಳಲ್ಲಿ ನಮ್ಮ ನಡುವೆ ನಡೆದದ್ದು ಇಷ್ಟೇ.

ಈಗ ಅವನ ತುಟಿಯಂಚಿನಲ್ಲಿ ನಗು ಇತ್ತು. ಹತ್ತಿರ ಹೋದೆ.

"ನಿಮಗೆ ಗೊತ್ತಿತ್ತಾ?"

"ಮೂರನೇ ಎಪಿಸೋಡಿಂದ."

"ಮತ್ತೆ ಹೇಳೋಕೇನಾಗಿತ್ತು?"

"ಮೊದಲು ಹೊಳೆಯಾಚೆ ರೂಢೀನೇ ಅಂದ್ಕೊಂಡೆ. ಆಮೇಲೆ ನೀವು ಟೀ ಕೇಳೋವಾಗ್ಲೂ ಹಾಗೇ ಮಾಡ್ತೀರಿ ಅಂತ ಗೊತ್ತಾಯ್ತು."

ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ನಿರ್ದೇಶಕರು ಮೈಕು ಹಿಡಿದರು.

"ಎಲ್ಲಾ ಕೇಳಿ! ಮುಂದಿನ ಶಾಟ್ ನಾಯಕಿ ಊರು ಬಿಡೋದು. ದೋಣಿ ಹೊರಡುತ್ತೆ, ದಡದಲ್ಲಿ ನಲವತ್ತು ಜನ. ಎಲ್ಲರೂ ಒಟ್ಟಿಗೆ ಹೊಳೆಯಾಚೆ ನಿಟ್ಟುಸಿರು ಬಿಡ್ತೀರಿ. ಪ್ರೋಮೋಗೆ ಅದೇ. ಆ ಸೀಮೆ ಏನು ಅಂತ ಜನಕ್ಕೆ ಒಂದೇ ಉಸಿರಲ್ಲಿ ಗೊತ್ತಾಗಬೇಕು!"

ಇಷ್ಟು ದಿನ ನಾನು ಏನೇನಕ್ಕೋ ಸುಮ್ಮನಿದ್ದೆ. ಹಳೆಯ ಕಾಲವೆಂದರೆ ಹಳದಿ ಬೆಳಕು ಎಂದಾಗ ಸುಮ್ಮನಿದ್ದೆ. ಸೀಮೆಯವರೆಲ್ಲರಿಗೂ ಮಣ್ಣಿನ ಬಣ್ಣದ ಬಟ್ಟೆಯನ್ನೇ ಉಡಿಸಿದಾಗಲೂ. "ನಮ್ಮ ಕಾಲದಲ್ಲೂ ಆಕಾಶ ನೀಲಿಯಾಗೇ ಇತ್ತು ಕಣೇ," ಎಂದು ಅಜ್ಜಿ ಟೀವಿಯ ಮುಂದೆ ಗೊಣಗಿದಾಗ ನಕ್ಕು ಮಾತು ಮರೆಸಿದ್ದೆ. ಆದರೆ ಇದು ಬೇರೆ. ಅಜ್ಜಿಯ ಜನ ಜಗಳವಾಡುತ್ತಲೇ ನಗುವವರು, ಅತ್ತರೂ ಗಟ್ಟಿಯಾಗಿ ಅಳುವವರು. ಈ ಶಾಟ್ ಹೊರಬಿದ್ದರೆ ನೋಡುವವರ ಕಣ್ಣಲ್ಲಿ ಅವರೆಲ್ಲ ಸೋತು ಸುಣ್ಣವಾದವರಾಗಿ ಉಳಿಯುತ್ತಾರೆ, ನನ್ನಿಂದಾಗಿ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಅಜ್ಜಿಯ ಪಕ್ಕ ಕೂತು ಅದನ್ನು ನೋಡಬೇಕು.

"ಸರ್," ಎಂದೆ. "ಆ ನಿಟ್ಟುಸಿರು ಹೊಳೆಯಾಚೆಯವರದ್ದಲ್ಲ. ನಂದು."

ಎಲ್ಲವನ್ನೂ ಹೇಳಿದೆ. ನಿರ್ದೇಶಕರು ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ಕುಸಿದರು.

"ನೀವು ಹೇಳೋದನ್ನ ಹೇಗೆ ನಂಬೋದು? ನಿಮ್ಮ ಉಸಿರು ನಿಮಗೇ ಗೊತ್ತಾಗಿಲ್ಲ. ಆ ಕಡೆಯವರು ಇನ್ಯಾರಾದ್ರೂ ಇದ್ದಾರಾ?"

ಅಜ್ಜಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ನಿರ್ದೇಶಕರು ಗಂಟಲು ಸರಿಮಾಡಿಕೊಂಡು ಬಹಳ ಮರ್ಯಾದೆಯಿಂದ ಕೇಳಿದರು. ಅತ್ತಲಿಂದ ಅಜ್ಜಿಯ ದನಿ ಖಣಖಣ ಬಂತು.

"ನಮ್ಮ ಕಡೆಯವರು ಯಾಕಪ್ಪಾ ನಿಟ್ಟುಸಿರು ಬಿಡ್ತಾರೆ? ಉಸಿರೆಲ್ಲಾ ಮಾತಿಗೇ ಸಾಲಲ್ಲ ನಮಗೆ! ಅದು ನನ್ನ ಮೊಮ್ಮಗಳದ್ದು. ಅತ್ತೆ, ಸೊಸೆ, ದೋಣಿಯವನು, ಎಲ್ಲಾ ಇವಳ ಹಾಗೇ ಸುಸ್ತಾಗಿದ್ದಾರೆ ನಿಮ್ಮ ಧಾರಾವಾಹೀಲಿ. ಒಂದು ದಿನ ರಜಾ ಕೊಡಪ್ಪಾ ಆ ಮಗೂಗೆ. ಪುಣ್ಯ ಬರುತ್ತೆ."

ಎಲ್ಲಿಂದಲೋ ಕಿಸಕ್ಕೆಂದು ನಗು ಕೇಳಿತು. ನಿರ್ದೇಶಕರು ನಗಲಿಲ್ಲ. ಫೋನ್ ಇಟ್ಟಮೇಲೆ ಸುತ್ತ ನೋಡಿದರು. "ನೂರಿಪ್ಪತ್ತು ಎಪಿಸೋಡು! ಒಬ್ಬರಿಗೂ ಗೊತ್ತಾಗಲಿಲ್ವಾ?"

"ನನಗೆ ಗೊತ್ತಾಗಿತ್ತು ಸರ್." ಕಿವಿರಾಯ ಎದ್ದು ನಿಂತಿದ್ದ. "ಕೇಳಿಸಿಕೊಳ್ಳೋದು ನನ್ನ ಕೆಲಸ. ಕೇಳಿಸಿಕೊಂಡೂ ಸುಮ್ಮನಿದ್ದೆ. ಅವರನ್ನ ತೆಗೆಯೋದಾದ್ರೆ ನನ್ನನ್ನೂ ತೆಗೀರಿ."

ಹೇಳಬೇಕಾದ್ದಕ್ಕಿಂತ ಒಂದು ಸಾಲು ಹೆಚ್ಚಾಯಿತೆಂದು ಅವನಿಗೇ ಅನ್ನಿಸಿರಬೇಕು. ಕಿವಿ ಕೆಂಪಾಯಿತು. ಅತ್ತೆ ಪಾತ್ರದವರು ನನ್ನ ಪಕ್ಕೆಗೊಂದು ತಿವಿದರು.

ನಿರ್ದೇಶಕರು ಬಹಳ ಹೊತ್ತು ಕಣ್ಣುಜ್ಜಿಕೊಂಡರು. ಅವರೂ ಐದು ತಿಂಗಳಿಂದ ನಿದ್ದೆಗೆಟ್ಟವರೇ.

"ಇಬ್ಬರನ್ನೂ ತೆಗೆದ್ರೆ ನಾಳೆ ಶೂಟಿಂಗ್ ನಾನೊಬ್ಬನೇ ಮಾಡ್ಲಾ? ದಡದ ಜನಕ್ಕೆ ನಿಟ್ಟುಸಿರು ಬೇಡ, ಬಾಯಿಗೆ ಬಂದದ್ದು ಕೂಗಲಿ, ಏನು ಕೂಗಬೇಕೋ ಮಿಸ್ ಹೇಳಿಕೊಡ್ಲಿ. ನಾಯಕಿದು ಮಾತ್ರ ಇರ್ಲಿ. ನೂರಿಪ್ಪತ್ತು ಎಪಿಸೋಡ್ ಆ ಮನೇಲಿ ದುಡಿದಿದ್ದಾಳೆ, ಅವಳಿಗೆ ಸುಸ್ತಾಗಿರೋದು ನ್ಯಾಯಾನೇ." ನನ್ನ ಕಡೆ ತಿರುಗಿದರು. "ನಾಳೆ ಬರಬೇಡಿ. ಮಲಗಿ."

ಶಾಟ್ ಮುಗಿಯುವಾಗ ಸಂಜೆಯಾಗಿತ್ತು. ನಲವತ್ತು ಜನ ದಡದಲ್ಲಿ ಕೂಗಾಡಿ, ಬೈದು, ನಕ್ಕು ನಾಯಕಿಯನ್ನು ಕಳಿಸಿದರು. ಅಜ್ಜಿ ತವರು ಬಿಟ್ಟ ದಿನ ಹೀಗೆಯೇ ಇತ್ತೆಂದು ಅವಳೇ ಹೇಳುತ್ತಿರುತ್ತಾಳೆ. ಎಲ್ಲರೂ ಬಸ್ಸು ಹತ್ತಿದ ಮೇಲೆ ಕಿವಿರಾಯ ಕೇಬಲ್ ಸುತ್ತುತ್ತ ದಡದ ಮೆಟ್ಟಿಲ ಮೇಲೆ ಕೂತಿದ್ದ. ಇನ್ನೊಂದು ತುದಿ ಹಿಡಿದು ನಾನೂ ಕೂತೆ.

"ಯಾಕೆ ಹೇಳಲಿಲ್ಲ?" ಎಂದೆ. ಸಿಟ್ಟು ಮಾಡಲು ಶಕ್ತಿಯಿರಲಿಲ್ಲ.

"ಹೇಳೋಕೆ ಹೊರಟಾಗೆಲ್ಲಾ ಇನ್ನೊಂದು ಮಾತು ಬಾಯಿಗೆ ಬರ್ತಿತ್ತು." ಕೇಬಲ್ ಸುತ್ತುವುದು ನಿಂತಿತು. "ಯಾಕೆ ಇಷ್ಟು ಸುಸ್ತು, ಏನಾಯ್ತು, ಊಟ ಮಾಡಿದ್ರಾ ಅಂತ. ಅದನ್ನ ಜೊತೇಲಿ ಕೆಲಸ ಮಾಡೋನು ಕೇಳೋದಲ್ಲ. ಮನೆಯವರು ಕೇಳೋದು. ನಾನು ಯಾರು ಅಂತ ಕೇಳಲಿ?"

ಅವನ ರೆಪ್ಪೆಗಳು ಮೇಲೆದ್ದಿದ್ದವು. ಈ ಸಲ ಇಳಿಯಲಿಲ್ಲ.

"ಕೇಳೋ ಹಕ್ಕು ಕೊಡ್ತೀರಾ?"

"ಈಗಲೇ ಹೇಳಬೇಕಾ?"

"ಬೇಡ. ನಿದ್ದೆ ಮಾಡಿ ಎದ್ದು ಹೇಳಿ."

ಐದು ತಿಂಗಳಲ್ಲಿ ಯಾರೂ ನನಗೆ ಇಷ್ಟು ಚೆಂದದ ಮಾತು ಹೇಳಿರಲಿಲ್ಲ. ಅಳು ಬರುವ ಹಾಗಿತ್ತು, ನಗುವೂ.

"ಊಟ ಮಾಡಿಲ್ಲ," ಎಂದೆ. "ಮಧ್ಯಾಹ್ನದ್ದೂ."

ಒಂದು ಕ್ಷಣ ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಸುತ್ತಿದ್ದ ಕೇಬಲ್ಲೆಲ್ಲ ಕೈಜಾರಿ ಮೆಟ್ಟಿಲುದ್ದಕ್ಕೂ ಬಿಚ್ಚಿಕೊಂಡಿತು. ಅದನ್ನು ಅಲ್ಲೇ ಬಿಟ್ಟು ಎದ್ದ. ನನ್ನನ್ನು ಎಬ್ಬಿಸಲು ಎರಡೂ ಕೈ ಚಾಚಿದ.