ಚಿಕ್ಕದರ ಸೌಂಡ್ ಸ್ವಲ್ಪ ತೆಳು

ಅವನು ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ನಾಲ್ಕೇ ಪದ: "ಚಿಕ್ಕದರ ಸೌಂಡ್ ಸ್ವಲ್ಪ ತೆಳು."

ಆ ಸುಳ್ಳು ಏಳು ದಿನದಿಂದ ಗಂಟಲಲ್ಲಿ ಬಿಸಿ ತುಪ್ಪದ ಹಾಗೆ ಕೂತಿತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ.

ವಾದ್ಯಗಳನ್ನು ಮಾರುವ ಆ ಅಂಗಡಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದೇ ರಿಪೇರಿ ಎಂದು. ಕೆಟ್ಟ ಆಂಪ್ಲಿಫೈಯರ್ ಬಿಚ್ಚುವುದು, ಕಿತ್ತುಬಂದ ವೈರು ಬೆಸೆಯುವುದು, ಕೊಳ್ಳಲು ಬಂದವರಿಗೆ ನುಡಿಸಿ ತೋರಿಸುವುದು ಅವನ ಪಾಲು. ಮಾತಾಡುವುದು ಯಜಮಾನರಾದ ಸೋದರಮಾವನ ಪಾಲು.

ಟೀಚರ್ ಬರುತ್ತಿದ್ದುದು ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ. ವಾರವೆಲ್ಲ ಮಕ್ಕಳಿಗೆ ಹಾಡು ಕಲಿಸುವಳು, ಭಾನುವಾರ ಕ್ಲಬ್ಬಿನಲ್ಲಿ ಗಿಟಾರ್ ನುಡಿಸುವಳು. ಗಿಟಾರಿನ ದನಿಯನ್ನು ಕಾಲಿನ ಒಂದು ಒತ್ತಿಗೆ ಬದಲಿಸುವ ಅವಳ ಹಳೆಯ ಪ್ರೊಸೆಸರ್ ಸತ್ತೇ ಹೋಗಿತ್ತು. ಹೊಸದು ಬೇಕು. ದೊಡ್ಡದೋ, ಚಿಕ್ಕದೋ? ದೊಡ್ಡದಕ್ಕೆ ಎಂಟು ಗುಂಡಿ, ಪಕ್ಕಕ್ಕೊಂದು ಪೆಡಲ್, ಎತ್ತಿದರೆ ತೋಳು ನೋಯುವ ಭಾರ. ಚಿಕ್ಕದಕ್ಕೆ ಮೂರೇ ಗುಂಡಿ. ಬ್ಯಾಗಿನೊಳಗೆ ಪುಸ್ತಕದ ಹಾಗೆ ಜಾರಿಕೊಳ್ಳುತ್ತದೆ.

ಚಿಕ್ಕದರ ಗುಂಡಿಗಳು ಒತ್ತೊತ್ತಾಗಿದ್ದವು. ಅವಳ ಶೂ ಒಮ್ಮೆಗೇ ಎರಡನ್ನು ಒತ್ತಿಬಿಡುತ್ತಿತ್ತು. ಆಗ ಅವನು ನೆಲದ ಮೇಲೆ ಕೂತು ಕೈಯಿಂದ ಒತ್ತುತ್ತಿದ್ದ. ಅವಳು ಹುಬ್ಬೇರಿಸಿದರೆ ಒಂದು ದನಿ, ಗಲ್ಲ ಎತ್ತಿದರೆ ಇನ್ನೊಂದು. ಮೂರನೇ ಶನಿವಾರದ ಹೊತ್ತಿಗೆ ಹುಬ್ಬೇರುವ ಮೊದಲೇ ಅವನ ಬೆರಳು ಗುಂಡಿಯ ಮೇಲಿರುತ್ತಿತ್ತು.

"ನೀವೊಬ್ರು ಜೊತೆಗಿದ್ರೆ ಯಾವ ಮಷೀನೂ ಬೇಕಾಗಿಲ್ಲ ನೋಡಿ," ಎಂದು ನಕ್ಕಿದ್ದಳು. ಅವನು ನೆಲ ನೋಡಿದ್ದ.

ಐದನೇ ಶನಿವಾರ ಅವಳು ಸುದ್ದಿ ತಂದಳು. ಊರೂರು ಸುತ್ತುವ ನಾಟಕ ತಂಡವೊಂದು ಕರೆದಿದೆ. ಹನ್ನೊಂದು ತಿಂಗಳು. ವ್ಯಾನಿನಲ್ಲಿ ತಲೆಗೊಂದೇ ಬ್ಯಾಗ್.

"ಚಿಕ್ಕದು ತಗೊಂಡ್ರೆ ಹೋಗಬಹುದು. ಅಲ್ವಾ?"

ಆಗ ಬಾಯಿಂದ ಬಿದ್ದದ್ದು ಆ ನಾಲ್ಕು ಪದ.

ಇವತ್ತು ಅವಳು ಸ್ಟೂಲಿನ ಮೇಲೆ ಕೂರಲಿಲ್ಲ. "ದೊಡ್ಡದನ್ನೇ ಪ್ಯಾಕ್ ಮಾಡಿ, ರಿಪೇರಿಯವರೇ. ಐದು ಗಂಟೆಗೆ ತಂಡದವರಿಗೆ ಫೋನ್ ಮಾಡಿ ಬರಲ್ಲ ಅಂದ್ಬಿಡ್ತೀನಿ. ತೆಳು ಸೌಂಡ್ ಹೊತ್ಕೊಂಡು ಊರೂರು ಯಾರು ಅಲೀತಾರೆ?"

ಅವನು ಬಯಸಿದ್ದು ಬಯಸಿದ ಹಾಗೇ ಆಗಿತ್ತು. ಡಬ್ಬಕ್ಕೆ ಟೇಪ್ ಸುತ್ತಿದರೆ ಮುಗಿಯಿತು. ಕೈ ಏಳಲಿಲ್ಲ.

"ಅಳಿಯ ದೇವರೇ," ಎಂದರು ಸೋದರಮಾವ, "ಗರ ಬಡಿದ ಹಾಗೆ ಯಾಕೆ ನಿಂತೆ? ಡಬ್ಬ ತಾನಾಗೇ ನಡ್ಕೊಂಡು ಬರುತ್ತಾ?"

ಅವನು ನೋಡುತ್ತಿದ್ದುದು ಅವಳ ಎಡಗೈಯನ್ನು. ಮಾತಾಡುತ್ತಲೇ ಕೌಂಟರಿನ ಗಾಜಿನ ಮೇಲೆ ಬೆರಳುಗಳು ಓಡುತ್ತಿದ್ದವು, ಅಲ್ಲೇ ತಂತಿಗಳಿದ್ದಂತೆ.

"ಯಾವ ಹಾಡು ಅದು?"

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ನಾಟಕದ್ದು. ಇಪ್ಪತ್ತೊಂದು ಹಾಡು ಕಳಿಸಿದ್ರು. ಸುಮ್ನೆ ಒಂದು ಸಲ ನೋಡೋಣ ಅಂದ್ಕೊಂಡೆ, ಎಲ್ಲಾ ಬಾಯಿಪಾಠ ಆಗ್ಹೋಗಿದೆ. ಈ ಕೈಗೆ ಬುದ್ಧಿ ಇಲ್ಲ."

ಅವನು ಗೋಡೆಯಿಂದ ಗಿಟಾರ್ ಇಳಿಸಿಕೊಂಡ. "ಸ್ವಲ್ಪ ಆ ಕಡೆ ತಿರುಗಿ."

ಅವಳು ಗೋಡೆಗೆ ಮುಖ ಮಾಡಿ ನಿಂತಳು. ಅವನು ನುಡಿಸಿದ.

"ಇದು ಯಾವುದು?"

"ದೊಡ್ಡದು."

ಕೇಬಲ್ ಕಿತ್ತು ಹಾಕಿದ ಸದ್ದು. ಮತ್ತೆ ನುಡಿಸಿದ. "ಇದು?"

ಅವಳು ಕಿವಿಗೊಟ್ಟಳು. "ಇದೂ... ದೊಡ್ಡದೇ."

"ಎರಡು ಸಲಾನೂ ಚಿಕ್ಕದು."

ಒಮ್ಮೆ ಶುರುವಾದ ಮೇಲೆ ಮಾತು ನಿಲ್ಲಲಿಲ್ಲ. "ಎರಡರೊಳಗೂ ಇರೋದು ಒಂದೇ ಮಿದುಳು. ಕಾಲಿಗೆ ಸಿಗೋ ಗುಂಡಿ ಕಡಿಮೆ, ಅಷ್ಟೇ. ಕ್ಲಬ್ಬಲ್ಲಿ ಯಾರು ಯಾವ ಹಾಡು ಕೇಳ್ತಾರೋ ಗೊತ್ತಿರಲ್ಲ, ಎಂಟು ಬೇಕು. ನಾಟಕದಲ್ಲಿ ಹಾಡು ಸಾಲಾಗಿ ಬರುತ್ತೆ. ಮುಂದಿನದು, ಮುಂದಿನದು ಅಂತ ಒಂದೇ ಗುಂಡಿ ಒತ್ತುತ್ತಾ ಹೋದ್ರಾಯ್ತು. ನಿಮಗೆ ಚಿಕ್ಕದೇ ಸರಿ."

ಅವಳು ತಿರುಗಲಿಲ್ಲ. "ಹೋದ ವಾರ ಇದು ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

ಸೋದರಮಾವ ಗಂಟಲು ಸರಿಮಾಡಿಕೊಂಡರು. "ಒಳಗೆ ಏನೋ ಬಿದ್ದ ಹಾಗಾಯ್ತಪ್ಪ," ಎನ್ನುತ್ತ ಗೋದಾಮಿಗೆ ನಡೆದರು. ಏನೂ ಬಿದ್ದಿರಲಿಲ್ಲ.

"ಚಿಕ್ಕದು ತಗೊಂಡ್ರೆ ನೀವು ಹೋಗ್ತೀರ," ಎಂದ ಅವನು.

ಅವಳು ತಿರುಗಿದಾಗ ಕಣ್ಣಲ್ಲಿ ಕೋಪ ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

"ಹೋದ ವಾರ ನನಗೂ ಏನೂ ವ್ಯತ್ಯಾಸ ಕೇಳಿಸಲಿಲ್ಲ," ಎಂದಳು ಮೆಲ್ಲಗೆ. "ನನ್ನ ಕಿವಿ ಅಷ್ಟೇನೂ ಕೆಟ್ಟಿಲ್ಲ. ಆದ್ರೂ ನೀವು ತೆಳು ಅಂದ್ರಲ್ಲ, ಇರಬಹುದು ಅಂತ ನಂಬ್ಕೊಂಡು ಖುಷಿಯಾಗಿ ಮನೆಗೆ ಹೋದೆ."

ಅವನು ಗಿಟಾರನ್ನು ಮತ್ತೆ ಗೋಡೆಗೆ ತೂಗುಹಾಕಿದ.

"ಈಗ ಒಂದು ಮಾತು ಹೇಳಿ. ಹೋಗಬೇಡ ಅನ್ನಿ. ಹೋಗಲ್ಲ."

ಎಷ್ಟು ಹಗುರದ ಮಾತು. ನಾಲಿಗೆಯ ತುದಿಗೇ ಬಂದಿತ್ತು. ಆದರೆ ಇಪ್ಪತ್ತೊಂದು ಹಾಡುಗಳನ್ನು ಬೆರಳಲ್ಲಿ ಅದುಮಿಟ್ಟುಕೊಂಡವಳನ್ನು ಪ್ರತಿ ಶನಿವಾರ ಹೇಗೆ ನೋಡುವುದು? ಇರು ಎನ್ನಲೂ ಆಗದು, ಹೋಗು ಎನ್ನಲೂ ಆಗದು. ಅವನು ತಲೆಯಾಡಿಸಿದ, ಯಾವುದಕ್ಕೆಂದು ಅವನಿಗೇ ಗೊತ್ತಿರಲಿಲ್ಲ. ಕೈ ಮಾತ್ರ ಚಿಕ್ಕ ಡಬ್ಬವನ್ನು ಹತ್ತಿರಕ್ಕೆಳೆದುಕೊಂಡಿತು.

ಟೇಪಿನ ತುದಿ ಸಿಗಲಿಲ್ಲ. ಅವಳೇ ಉಗುರಿನಿಂದ ಎಬ್ಬಿಸಿ ಕೊಟ್ಟಳು.

"ಗ್ಯಾರಂಟಿ ಎಷ್ಟು ದಿನ?"

"ಒಂದು ವರ್ಷ."

"ಕೆಟ್ಟರೆ?"

"ಇಲ್ಲಿಗೇ ತರಬೇಕು."

"ಕೆಡದಿದ್ರೆ?"

ಅವನು ಡಬ್ಬದಿಂದ ತಲೆಯೆತ್ತಿ ಅವಳನ್ನು ನೋಡಿದ. "ಕೆಡದಿದ್ರೂ ತನ್ನಿ."

ಅವಳು ಬ್ಯಾಗಿನ ಜಿಪ್ ಎಳೆದು, ಬಾಗಿಲು ದಾಟಿ, ಗಾಜಿನಾಚೆ ನಿಂತು ಫೋನ್ ಕಿವಿಗಿಟ್ಟಳು. ಮಾತು ಈಚೆಗೆ ಕೇಳಿಸಲಿಲ್ಲ, ಹೂಂ ಎನ್ನುವಂತೆ ತಲೆಯಾಡಿದ್ದಷ್ಟೇ ಕಂಡಿತು. ಎರಡು ನಿಮಿಷಕ್ಕೆ ತುಟಿಗಳ ಚಲನೆ ನಿಂತಿತು. ಆದರೂ ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಹಾಗೇ ಹಿಡಿದುಕೊಂಡು ಅವನನ್ನೇ ನೋಡುತ್ತ ನಿಂತಳು.

ಅವನೂ ನಿಂತ.