ಮೂರನೆಯ ಸಾಲಿನ ಇರುವೆಗಳು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರನ್ನು ಎರಡು ಸಲ ಓದಿದ ರೈಟರ್, ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಇನ್‌ಸ್ಪೆಕ್ಟರ್ ಕಡೆ ತಿರುಗಿದ.

"ಮೇಡಂ, ಕಾಯಿಲೆ ಬರಿಸಿದ್ದ ಇಲಿಗಳು ಹುಷಾರಾಗ್ತಾ ಇವೆಯಂತೆ. ಅದಕ್ಕೆ ಕಂಪ್ಲೇಂಟು. ಎಫ್‌ಐಆರ್‌ನಲ್ಲಿ ನೊಂದವರು ಯಾರು ಅಂತ ಬರೀಲಿ?"

ಇನ್‌ಸ್ಪೆಕ್ಟರ್ ನಗಲಿಲ್ಲ. ಹಿಂದಿನ ವಾರವಷ್ಟೇ ಒಂದು ಕೊಲೆ ಪ್ರಕರಣವನ್ನು, ಇನ್ನೇನು ಆರೋಪಿ ಕೈಗೆ ಸಿಕ್ಕ ಅನ್ನುವಾಗ, ಅವಳಿಂದ ಕಿತ್ತು ಇನ್ನೊಬ್ಬರಿಗೆ ಕೊಟ್ಟಿದ್ದರು. ಈಗ ಇಲಿಗಳ ಹಿಂದೆ ಓಡುವ ಕೆಲಸ.

ದೂರು ತಂದವಳು ಸಂಶೋಧನಾಲಯದ ಮುಖ್ಯಸ್ಥೆ. ನಿದ್ದೆಗೆಟ್ಟ ಕಣ್ಣು, ಸಿಟ್ಟು ತುಂಬಿದ ಮಾತು. ಎಚ್‌ಐವಿ ಮಿದುಳನ್ನು ಹೇಗೆ ಸವೆಸುತ್ತದೆಂದು ತಿಳಿಯಲು ಅವಳು ಇಲಿಗಳನ್ನು ಮೂರು ಸಾಲು ಪಂಜರಗಳಲ್ಲಿ ಇಟ್ಟಿದ್ದಳು. ಮೊದಲ ಸಾಲಿನವು ಆರೋಗ್ಯವಾಗಿದ್ದವು. ಎರಡನೆಯ ಸಾಲಿಗೆ ವೈರಸ್ಸೂ ಉಂಟು, ಔಷಧಿಯೂ ಉಂಟು. ಮೂರನೆಯದಕ್ಕೆ ವೈರಸ್ ಮಾತ್ರ. ಇಲಿಗಳಿಗೆಂದೇ ಬದಲಿಸಿದ ಆ ವೈರಸ್ ಮನುಷ್ಯರಿಗೆ ಅಂಟುವುದಿಲ್ಲ. ಮೂರನೆಯ ಸಾಲಿನ ಮಿದುಳುಗಳು ದಿನಕಳೆದಂತೆ ತೆಳುವಾಗಬೇಕಿತ್ತು; ಸ್ಕ್ಯಾನಿನಲ್ಲಿ ಹಾಗೆ ಕಾಣಲಿಲ್ಲ. ರಕ್ತ ಪರೀಕ್ಷಿಸಿದರೆ ಅದರಲ್ಲಿ ಔಷಧಿಯ ಅಂಶ.

"ಆ ಸಾಲಿನ ಇಲಿಗಳು ಕಲಿತಿದ್ದನ್ನ ಮರೀಬೇಕು ಮೇಡಂ," ಅಂದಳು ಮುಖ್ಯಸ್ಥೆ. "ಅವು ಮರೆತರೇನೇ ಔಷಧಿ ಮಿದುಳಿಗೆ ಎಷ್ಟು ತಲುಪತ್ತೆ ಅಂತ ಹೋಲಿಸಿ ನೋಡೋಕಾಗೋದು. ಯಾರೋ ಕದ್ದು ಔಷಧಿ ಕುಡಿಸಿದಾರೆ. ಎರಡು ವರ್ಷದ ಕೆಲಸ ಮಣ್ಣುಪಾಲಾಯ್ತು."

ಸ್ಥಳ ಪಂಚನಾಮೆಗೆ ಹೊರಟರೆ ಸಾಕ್ಷಿಗೆ ಸಹಿ ಹಾಕುವ ಪಂಚರೇ ಸಿಗಲಿಲ್ಲ. ಎಚ್‌ಐವಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಎದುರಿನ ದರ್ಜಿಗೆ ಅರ್ಜೆಂಟ್ ಹೊಲಿಗೆ ನೆನಪಾಯಿತು, ಚಹಾದಂಗಡಿಯವನಿಗೆ ಹಾಲು ಉಕ್ಕಿತು. ದಫೇದಾರನೇ ಹೊಸ್ತಿಲಾಚೆ ನಿಂತು, ಮನೆಯಲ್ಲಿ ಮೊಮ್ಮಗು ಇದೆ ಎಂದು ಗೊಣಗಿದ. ಕೊನೆಗೆ ಅಂಚೆಯವನನ್ನೂ ಲಿಫ್ಟ್ ರಿಪೇರಿಯವನನ್ನೂ ಬೇಡಿಕೊಂಡು ಸಹಿ ಹಾಕಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು.

ಮುಂದೆ ಹೋದಲ್ಲೆಲ್ಲ ಬಾಗಿಲು ಮುಚ್ಚಿತ್ತು. ಸಂಶೋಧನಾಲಯದ ಔಷಧಿ ದಾಸ್ತಾನಿನಲ್ಲಿ ಚೂರೂ ಕಡಿಮೆಯಾಗಿರಲಿಲ್ಲ. ಪಡಸಾಲೆಯ ಕ್ಯಾಮೆರಾದಲ್ಲಿ ಕಂಡವರೆಲ್ಲ ನಿಲುವಂಗಿ, ಟೋಪಿ, ಮುಖಗವಸು ತೊಟ್ಟು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದರು. ಹೊರಗೆ ಆ ಔಷಧಿಯ ಮಾತ್ರೆ ಸಿಗುವುದು ಆಸ್ಪತ್ರೆಯ ಒಂದೇ ಕಿಟಕಿಯಲ್ಲಿ, ಅದೂ ರೋಗಿಗಳಿಗೆ ಮಾತ್ರ. ಅಲ್ಲಿನ ವೈದ್ಯರು ಹೆಸರು ಕೊಡಲು ಕಾನೂನು ಬಿಡುವುದಿಲ್ಲ ಎಂದು ಕೈಮುಗಿದರು. ಅವರು ಹೇಳಿದ್ದು ಸರಿಯಾಗಿತ್ತು. ಸರಿಯಾಗಿದ್ದುದರಿಂದಲೇ ಇನ್‌ಸ್ಪೆಕ್ಟರಿಗೆ ಇನ್ನಷ್ಟು ಮೈಯುರಿಯಿತು.

ಸರದಿಯ ಮೇಲೆ ಪಂಜರಗಳಿಗೆ ನೀರು ತುಂಬುವ ಮೂವರನ್ನೂ ವಿಚಾರಿಸಿದ್ದಾಯಿತು. ಇಬ್ಬರು ಬೆದರಿದ ಹುಡುಗಿಯರು. ಮೂರನೆಯವಳು ಹಳೆಯ ತಂತ್ರಜ್ಞೆ, ನಲವತ್ತು ದಾಟಿದವಳು, ಎಲ್ಲರ ಬಾಯಲ್ಲೂ 'ಅಕ್ಕ'. ಅವಳು ಇನ್‌ಸ್ಪೆಕ್ಟರಿಗೆ ಕುರ್ಚಿ ಎಳೆದುಕೊಟ್ಟು, "ಬೆಳಿಗ್ಗೆ ಬಂದು ಮೊದಲು ಆ... ಅದು, ನೀರು ಹಾಕಿಡೋದು..." ಎಂದು ತಡವರಿಸಿದಳು. ಎದುರಿಗೇ ಇದ್ದ ಬಾಟಲಿಯ ಹೆಸರು ಬಾಯಿಗೆ ಬರಲಿಲ್ಲ. ಪೊಲೀಸರ ಹೆದರಿಕೆ ಎಂದುಕೊಂಡು ಇನ್‌ಸ್ಪೆಕ್ಟರ್ ಮುಂದಿನ ಪ್ರಶ್ನೆಗೆ ಹೋದಳು.

ಗುರುವಾರ ಸಾಹೇಬರ ಫೋನು ಬಂತು. "ಆ ಇಲಿ ಕೇಸು ಬೇಗ ಮುಗಿಸಮ್ಮಾ. ಎಲ್ಲರೂ ನಗ್ತಾ ಇದಾರೆ."

ಶುಕ್ರವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಪಂಜರಗಳ ಮುಂದೆ ಮತ್ತೆ ಹೋಗಿ ನಿಂತಳು. ಏನು ನೋಡಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಈಗ ಒಳಗೆ ಬರುವಷ್ಟು ಧೈರ್ಯ ತಂದುಕೊಂಡಿದ್ದ ದಫೇದಾರ, ಇಂಥ ಕಟ್ಟಡದಲ್ಲೂ ಇರುವೆಯ ಕಾಟ ತಪ್ಪಲಿಲ್ಲವಲ್ಲ ಎಂದು ನಕ್ಕ. ಅವಳು ತಿರುಗಿ ನೋಡಿದಳು. ಇರುವೆಗಳು ಗೋಡೆ ಹಿಡಿದು ಇಳಿದು, ಮೊದಲೆರಡು ಸಾಲುಗಳನ್ನು ಮೂಸಿಯೂ ನೋಡದೆ, ಮೂರನೆಯ ಸಾಲಿನ ಬಾಟಲಿಗಳಿಗೆ ಮುತ್ತಿಕೊಂಡಿದ್ದವು. ಮೂರಕ್ಕೂ ಹಾಕುವುದು ಬರೀ ನೀರು ಎಂದಿದ್ದಳು ಮುಖ್ಯಸ್ಥೆ. ಎರಡನೆಯ ಸಾಲಿಗೆ ಔಷಧಿ ಹೋಗುತ್ತಿದ್ದುದು ಸೂಜಿಯಲ್ಲಿ.

ಮಗಳಿಗೆ ಜ್ವರ ಬಂದಾಗಲೆಲ್ಲ ತಾನು ಎರಡು ಚಮಚಗಳ ನಡುವೆ ಮಾತ್ರೆ ಅರೆದು, ಕಹಿ ಗೊತ್ತಾಗದಿರಲೆಂದು ಸಕ್ಕರೆ ಬೆರೆಸುತ್ತಿದ್ದುದು ಇನ್‌ಸ್ಪೆಕ್ಟರಿಗೆ ನೆನಪಾಯಿತು. ಇದು ಹಗೆಯವರ ಕೆಲಸವಲ್ಲ. ಹಗೆ ಸಾಧಿಸುವವರು ಸಕ್ಕರೆ ಹಾಕುವುದಿಲ್ಲ.

ಸೋಮವಾರ ಬೆಳಿಗ್ಗೆ ಪಕ್ಕದ ತೊಳೆಯುವ ಕೋಣೆಯ ಗಾಜಿನ ಹಿಂದೆ ಮಹಿಳಾ ಪೇದೆಯ ಜೊತೆ ಕಾದಳು. ಎಂಟಕ್ಕೆ ಮುಂಚೆ ನಿಲುವಂಗಿಯ ಆಕೃತಿಯೊಂದು ಬಂತು. ಅಂಗಿಯ ತೋಳಿನೊಳಗಿಂದ ಕಾಗದದ ಪೊಟ್ಟಣ ತೆಗೆದು ಬಾಟಲಿಗೆ ಸುರಿದು ಅಲುಗಾಡಿಸಿತು. ಆಮೇಲೆ ಪಂಜರದ ಮೇಲೆ ಒಂದು ಕ್ಷಣ ಅಂಗೈ ಊರಿ ನಿಂತಿತು.

ಇನ್‌ಸ್ಪೆಕ್ಟರ್ ಒಳಗೆ ಹೋದಾಗ ಅಕ್ಕ ತಾನಾಗಿಯೇ ಮುಖಗವಸು ಕೆಳಗಿಳಿಸಿದಳು.

ಪೇದೆ ಪಂಚರನ್ನು ಕರೆತರುವವರೆಗೆ ಅವಳ ಬೀರುವಿನ ಮುಂದೆ ಇಬ್ಬರೇ ನಿಂತಿದ್ದರು. ಒಳಗೆ ಎರಡು ಚಮಚ, ಸಕ್ಕರೆ ಡಬ್ಬಿ, ಮಾತ್ರೆ ತೆಗೆದ ಖಾಲಿ ಹಾಳೆಗಳು, ಇನ್ನೂ ಮಾತ್ರೆ ಮುಗಿಯದ ಒಂದು ಹಾಳೆ.

"ಯಾಕೆ?"

ಇಲಿಗಳ ನೆನಪು ಪರೀಕ್ಷಿಸುವ ದುಂಡನೆಯ ಹಲಗೆಯ ಅಂಚಿಗೆ ಸುತ್ತ ತೂತುಗಳಿರುತ್ತವೆ, ಒಂದರ ಕೆಳಗೆ ಮಾತ್ರ ಗೂಡು, ಇಲಿ ಅದನ್ನು ಬೇಗ ಕಲಿಯುತ್ತದೆ ಎಂದು ಅಕ್ಕ ಹೇಳಿದಳು. ಮೂರನೆಯ ಸಾಲಿನ ಒಂದು ಇಲಿಯೂ ಕಲಿತಿತ್ತು. ಆಮೇಲೆ ಒಂದು ದಿನ ಸುತ್ತಿದ ತೂತುಗಳನ್ನೇ ಸುತ್ತತೊಡಗಿತು.

"ತನಗೆ ಗೊತ್ತಿದ್ದ ದಾರೀನೇ ಹುಡುಕ್ತಾ ಇತ್ತು ಮೇಡಂ. ನಾನೂ ನಮ್ಮ ಬೀದೀಲೇ ಹಾಗೆ ನಿಂತುಬಿಟ್ಟಿದ್ದೆ ಒಂದಿನ."

"ಮಾತ್ರೆ ಯಾರದು?"

ಅಕ್ಕ ಬಾಗಿಲ ಕಡೆ ನೋಡಿದಳು. "ನಂದೇ."

"ಮತ್ತೆ ನಿಮಗೆ?"

"ದಿನ ಬಿಟ್ಟು ದಿನ ತಗೋತಿದ್ದೆ."

ಇಷ್ಟು ದಿನದ ಸಿಟ್ಟನ್ನೆಲ್ಲ ಇನ್‌ಸ್ಪೆಕ್ಟರ್ ಹೊರಹಾಕಿದಳು. "ಇಲ್ಲಿ ಕೆಲಸ ನಡೀತಿದ್ದಿದ್ದೇ ನಿಮ್ಮಂಥವರಿಗಾಗಿ ಅಲ್ವೇನ್ರೀ?"

"ಗೊತ್ತು. ಗೊತ್ತಿದ್ದೂ ಕೈ ಕೇಳಲಿಲ್ಲ." ಅಕ್ಕನ ದನಿ ತಗ್ಗಿತು. "ಹಿಡ್ಕೊಂಡು ಹೋಗಿ, ಬೇಡ ಅನ್ನಲ್ಲ. ಕಾಯಿಲೆ ವಿಷಯ ಮಾತ್ರ ಬರೀಬೇಡಿ. ತಮ್ಮನ ಮನೇಲಿದೀನಿ. ಅವನ ಹೆಂಡ್ತಿ ಮಗೂನ ನನ್ನ ತೊಡೆ ಮೇಲೇ ಮಲಗಿಸಿ ಅಡುಗೆ ಕೆಲಸ ನೋಡ್ತಾಳೆ."

ಪಂಚರ ಹೆಜ್ಜೆ ಸಪ್ಪಳ ಕೇಳಿಸಿತು. ಹೊಸ್ತಿಲಾಚೆ ನಿಂತಿದ್ದ ದಫೇದಾರ, ಓಡಿಹೋಗಿದ್ದ ದರ್ಜಿ, ಎಲ್ಲರೂ ಇನ್‌ಸ್ಪೆಕ್ಟರ್ ಕಣ್ಣ ಮುಂದೆ ಬಂದರು. ಚಮಚ, ಡಬ್ಬಿ, ಖಾಲಿ ಹಾಳೆಗಳಿಗೆ ಮೊಹರು ಬಿತ್ತು. ಮುಖ್ಯಸ್ಥೆ ಸಿಟ್ಟಿನಿಂದಲೇ ಒಳಬಂದಳು. ಹಾಳೆಗಳನ್ನು ನೋಡಿದಳು, ಅಕ್ಕನ ಮುಖ ನೋಡಿದಳು, ಕಿಟಕಿಯ ಕಡೆ ತಿರುಗಿಕೊಂಡಳು.

ಠಾಣೆಯಲ್ಲಿ ದಸ್ತಗಿರಿ ದಾಖಲಾಯಿತು. ಉದ್ದೇಶ: ಇಲಿಗಳ ಮೇಲಿನ ಕನಿಕರ. ರೈಟರ್ ತಲೆಯೆತ್ತಿದ.

"ಮಾತ್ರೆ ಎಲ್ಲಿಂದ ತಂದಳು ಅಂತ ಬರೀಲಿ ಮೇಡಂ?"

"ತಿಳಿದುಬಂದಿಲ್ಲ ಅಂತ ಬರಿ."

"ಇಷ್ಟು ಓಡಾಡಿ ಅದೇ ತಿಳೀಲಿಲ್ಲ ಅಂದ್ರೆ ಸಾಹೇಬ್ರು ಬೈತಾರೆ."

"ಬೈಲಿ," ಎಂದು ಎದ್ದು, ಹೂಜಿಯಿಂದ ತಾನೇ ಒಂದು ಲೋಟ ನೀರು ತುಂಬಿಕೊಂಡು ಲಾಕಪ್ಪಿನ ಕಡೆ ನಡೆದಳು. ಇನ್ನೊಂದು ಕೈಯ ಮುಷ್ಟಿಯಲ್ಲಿ, ಮಾತ್ರೆ ಮುಗಿಯದ ಆ ಹಾಳೆ ಇತ್ತು.