ಸೋಲಾರಿನ ಮೇಲಿನ ಕೊಂಬೆ

ಶಿವರಾತ್ರಿ ಕಳೆದು ಹುಣಸೆ ಬಡಿಯುವ ಕಾಲ. ಊರಿನ ಅಂಗಳಗಳಲ್ಲೆಲ್ಲ ಹಣ್ಣು ಜಜ್ಜುವ ಸದ್ದು. ಸಣ್ಣತಾಯಮ್ಮನೂ ಕಲ್ಲಿನ ಮುಂದೆ ಕುಳಿತು ಬೀಜ ಬಿಡಿಸುತ್ತಿದ್ದರು. ಮೊಮ್ಮಗಳು ಗಗನ ಬೀಜಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು.

"ಯಾಕ್ ಮಗಾ, ಸ್ಕೂಲಿಂದ ಬಂದಾಗ್ನಿಂದ ಮೂಗಿ ಅಂಗೆ ಕುಂತಿದ್ದೀಯ?"

"ಅಜ್ಜಿ, ನಾಳಿಕೆ ನಮ್ ಮರದ ಕೊಂಬೆ ಕಡೀತಾರಂತೆ. ಮೇಷ್ಟ್ರು ನಿಂಗೆ ತಿಳಿಸು ಅಂದ್ರು."

ಅಜ್ಜಿಯ ಕೈ ನಿಂತಿತು.

ಕೊಕ್ಕರೆ ಬೆಳ್ಳೂರಿನ ಆಚೆಗಿನ ಆ ಪುಟ್ಟ ಹಳ್ಳಿಯ ಶಾಲೆಯಲ್ಲಿ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೋದ ತಿಂಗಳು ಅಡುಗೆಕೋಣೆಯ ಗಿಡ್ಡ ಸೂರಿನ ಮೇಲೆ ಸೋಲಾರ್ ಪ್ಯಾನಲ್ ಕೂರಿಸಿದ್ದರು. ಟಿವಿಯಲ್ಲಿ ಪಾಠ ಶುರುವಾಗಿತ್ತು. ಚಂದ್ರನ ಮೇಲೆ ಗುಂಡಿಗಳಿರುವುದನ್ನು ಗಗನ ಕಂಡಿದ್ದು ಅದರಲ್ಲೇ.

ಆದರೆ ಕಾಂಪೌಂಡಿನ ಆಚೆಯಿಂದ ಸಣ್ಣತಾಯಮ್ಮನ ಹುಣಸೆ ಮರದ ಕೊಂಬೆಯೊಂದು ಪ್ಯಾನಲ್ ಮೇಲೆ ಚಾಚಿತ್ತು. ಆ ಕೊಂಬೆಯಲ್ಲಿ ಮರಿಗಳಿದ್ದ ಕೊಕ್ಕರೆ ಗೂಡು. ಹಿಕ್ಕೆ ಬಿದ್ದು ಬಿದ್ದು ಪ್ಯಾನಲ್ ಸುಣ್ಣ ಬಳಿದಂತಾಗಿತ್ತು. ಪಾಠದ ನಡುವೆಯೇ ಟಿವಿ ಆರಿಹೋಗುತ್ತಿತ್ತು. ಆಗ ಎಲ್ಲರೂ ಗಗನಳ ಕಡೆ ತಿರುಗುತ್ತಿದ್ದರು.

"ನಿಮ್ಮಜ್ಜಿ ಕೊಕ್ರೆ ಸಾಕ್ಕಳ್ಲಿ. ನಾವು ಕತ್ತಲೇಲಿ ಕುಂತ್ಕಳವ" ಎಂದು ಅವಳ ತರಗತಿಯ ಸ್ವರೂಪ್ ಚುಚ್ಚಿದ್ದ.

"ಬಾಣಂತನಕ್ಕೆ ಬಂದ ಎಣ್ಮಕ್ಳು ಕಣವ್ವ ಅವು" ಮತ್ತೆ ಹಣ್ಣಿಗೆ ಕೈ ಹಾಕುತ್ತ ಅಜ್ಜಿ ಮೆಲ್ಲಗೆ ಅಂದರು. "ಅಸಿ ಮೈಯಲ್ಲಿರೋ ಮಗಳ್ನ ಯಾವ ತವರಾದ್ರೂ ಆಚೆಗೆ ಕಳುಸ್ತದಾ?"

ರಾತ್ರಿ ಗಗನಳಿಗೆ ಮುದ್ದೆ ಇಳಿಯಲಿಲ್ಲ. ಕೊಂಬೆ ಉಳಿದರೆ ಟಿವಿ ಇಲ್ಲ. ಟಿವಿ ಉಳಿಯಬೇಕಾದರೆ ಮರಿಗಳು ನೆಲಕ್ಕೆ.

ಬೆಳಿಗ್ಗೆ ಸೋಲಾರ್ ರಿಪೇರಿಯ ಅತೀಕ್ ಮದ್ದೂರಿನಿಂದ ಬಂದ. ಗೋಡೆಗೆ ಏಣಿ ಒರಗಿತು. ಪಕ್ಕದಲ್ಲಿ ಮಚ್ಚು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮರದ ಬುಡದಲ್ಲಿ ನಿಂತಿದ್ದರು.

"ನನ್ ಮೇಲೆ ಸಿಟ್ಟಾಗ್ಬೇಡಿ ಅಮ್ಮಾ" ಅಂದ ಅತೀಕ್. "ಗಾಜಿನ ಮೇಲೆ ಹಿಕ್ಕೆ ಕೂತ್ರೆ ಬಿಸಿಲು ಒಳಕ್ಕೆ ಹೋಗಲ್ಲ."

"ತೊಳುದ್ರೆ ಓಗಕಿಲ್ವೇನಪ್ಪಾ?"

"ಹೋಗ್ತದೆ. ದಿನಾ ಬಿಸಿಲೇರೋಕೆ ಮುಂಚೆ ತೊಳೀಬೇಕು. ಕಾದ ಗಾಜಿಗೆ ತಣ್ಣೀರು ಬಿದ್ರೆ ಬಿರುಕು ಬಿಡ್ತದೆ. ಯಾರು ತೊಳೀತಾರೆ? ನಾನು ಮದ್ದೂರಿಂದ ಬರಕ್ಕಾಯ್ತದಾ?"

ಅವನು ಏಣಿಯ ಪಕ್ಕದಲ್ಲಿದ್ದ ಮೇಷ್ಟ್ರ ಕಡೆ ತಿರುಗಿದ.

"ನಾನ್ ತೊಳೀತೀನಿ" ಅಂದಳು ಗಗನ. ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಜಯಪ್ರಕಾಶ್ ಮೇಷ್ಟ್ರು ಸೂರನ್ನು ನೋಡಿದರು, ಅವಳನ್ನು ನೋಡಿದರು. "ಮೇಲಕ್ಕೆ ಹತ್ತಂಗಿಲ್ಲ. ಬಿದಿರು ಗಳಕ್ಕೆ ಒದ್ದೆ ಬಟ್ಟೆ ಕಟ್ಟಿ ಕೆಳಗೇ ನಿಂತು ಒರೆಸು. ಮರಿ ಹಾರೋವರ್ಗೂ ನೋಡವ. ಒಂದಿನ ತಪ್ಪಿ ಪಾಠ ನಿಂತ್ರೂ ಕೊಂಬೆ ಇಳಿಸ್ಬುಡ್ತೀನಿ."

ಅಂದಿನಿಂದ ಗಗನ ಬೆಲ್ಲಿಗೆ ಬಹಳ ಮುಂಚೆಯೇ ಶಾಲೆಯಲ್ಲಿರುತ್ತಿದ್ದಳು. ಕತ್ತು ನೋಯುತ್ತಿತ್ತು. ಬಿಳಿ ನೀರು ಮೊಣಕೈಯಿಂದ ಇಳಿದು ಯೂನಿಫಾರಂ ಒದ್ದೆಯಾಗುತ್ತಿತ್ತು. ಪಾಠದ ನಡುವೆ ಹೊರಗೆ ಪಚಕ್ ಎಂದರೆ ಸಾಕು, ಅವಳ ಕಣ್ಣು ಟಿವಿಯ ಪರದೆಗೆ ಅಂಟಿಕೊಳ್ಳುತ್ತಿತ್ತು. ಆರಿಹೋಯಿತೇ? ಇಲ್ಲ. ಆಗಷ್ಟೇ ಅವಳು ಉಸಿರು ಬಿಡುವಳು.

ಒಂದು ದಿನ ಹಸು ಹಾಲು ಇಳಿಸಲು ಸತಾಯಿಸಿತು. ಡೈರಿಯಲ್ಲಿ ಉದ್ದ ಸಾಲು. ಗಗನ ಕ್ಯಾನನ್ನು ಅಲ್ಲೇ ಇದ್ದ ಪಕ್ಕದ ಮನೆಯವರಿಗೆ ಒಪ್ಪಿಸಿ ಓಡಿದಳು. ಹುಣಸೆಯ ತುದಿಗೆ ಆಗಲೇ ಬಿಸಿಲು ಬಿದ್ದಿತ್ತು. ಓಡುತ್ತಿದ್ದವಳ ಕಣ್ಣ ಮುಂದೆ ಬರೀ ಮಚ್ಚು.

ಸೂರಿನ ಕೆಳಗೆ ಸ್ವರೂಪ್ ಗಳ ಹಿಡಿದು ನಿಂತಿದ್ದ. ಅಂಗಿ ಒದ್ದೆ. ತಲೆಯ ಮೇಲೊಂದು ಬಿಳಿ ಬೊಟ್ಟು.

"ಎಲ್ಲೋಗಿದ್ದೇ? ಗಾಜು ಕಾದ್ಬುಟ್ರೆ ಏನ್ ಮಾಡವ?"

"ಡೈರೀಲಿ ಲೇಟಾಯ್ತು ಕಣೋ." ಅವಳಿಗೆ ಏದುಸಿರು. "ತಲೆ ಮೇಲೆ ಬಿದ್ದದೆ ನೋಡು."

"ಗೊತ್ತು. ಬೇಕೂಂತ್ಲೇ ಉಯ್ತು." ಅವನು ಮೇಲೆ ನೋಡಿದ. "ಮರಿ ಮೂರವೆ ಅಲ್ವಾ? ನಾನು ಎರ್ಡೇ ಅನ್ಕಂಡಿದ್ದೆ."

"ಒಂದು ಯಾವಾಗ್ಲೂ ಅಡೀಲಿ ಇರ್ತದೆ. ಕೊಡು, ಉಳಿದಿದ್ದು ನಾನ್ ಒರೆಸ್ತೀನಿ."

ಅವನು ಗಳ ಕೊಡಲಿಲ್ಲ. "ಇವತ್ತಿಂದು ನಂದು. ನಿನ್ ಮೇಲೆ ಒಂದಿನ ಬಾಕಿ ಇರ್ಲಿ."

ಗಗನ ಬಕೆಟ್ಟನ್ನು ಅವನ ಕಾಲ ಬಳಿಗೆ ಎಳೆದಿಟ್ಟಳು. ಮೇಲೆ ತಾಯಿ ಕೊಕ್ಕರೆ ಬಂದು ಕೂತಿತು. ಮರಿಗಳು ಒಂದರ ಮೇಲೊಂದು ಬಿದ್ದು ಬಾಯಿ ಒಡ್ಡಿದವು. ಇಬ್ಬರೂ ಕತ್ತೆತ್ತಿ ನೋಡುತ್ತ ನಿಂತರು.

ಆ ಬಾಕಿಯನ್ನು ಬೇಗ ತೀರಿಸಿಬಿಡಬೇಕು ಎಂದು ಗಗನಳಿಗೆ ಅನಿಸಲೇ ಇಲ್ಲ.